ಕೇಳಿಸಿತ್ತು

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ನಾನು ಹೇಳಿದ್ದು ನಿನಗೆ ಕೇಳಿಸಿತ್ತೇ?" ಎಂದು ಅಕ್ಕ ಕೇಳಿದಳು. "ಕೇಳಿಸಿತ್ತು" ಎಂದೆ. ಅವಳು ಮತ್ತೇನೂ ಹೇಳದೆ ಬ್ಯಾಟರಿಗಳನ್ನು ಚೀಲಕ್ಕೆ ತುಂಬಿದಳು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಅದು ಅಂದು ಡ್ರೋನಿಗೆ ಹಾಕಿದ ಮೂರನೆಯ ಬ್ಯಾಟರಿ. ಬಯಲಿನ ತುದಿಯಲ್ಲಿ ಎರಡು ಮರಗಳಿದ್ದವು. ಅವುಗಳ ನಡುವೆ ನುಗ್ಗಿ, ಒಂದರ ಸುತ್ತ ತಿರುಗಿ, ಮತ್ತೆ ನುಗ್ಗಿ ಬರುವುದು ಆಗತಾನೇ ಕೈಗೆ ಹತ್ತತೊಡಗಿತ್ತು. ಗಾಗಲ್ಸ್ ಹಾಕಿಕೊಂಡು ಡ್ರೋನಿನ ಕ್ಯಾಮೆರಾದ ಕಣ್ಣಿನಿಂದಲೇ ನೋಡುತ್ತ ಹಾರಿಸುವಾಗ ಕುರ್ಚಿ, ನೆಲ, ಮೈಭಾರ ಎಲ್ಲವೂ ಮರೆತುಹೋಗುತ್ತವೆ. ತಿರುವಿನಲ್ಲಿ ಹೊಟ್ಟೆಯೊಳಗೆ ಏನೋ ಜಾರಿದಂತಾಗುತ್ತದೆ. ಕನಸಿನಲ್ಲಿ ಹಾರಿದವರಿಗೆ ಈ ಅನುಭವ ಗೊತ್ತಿರುತ್ತದೆ. ನಡೆದದ್ದೆಲ್ಲ ನಡೆದ ಮೇಲೂ ಆ ಸುಖವನ್ನು ಸಣ್ಣದು ಎನ್ನಲು ನನಗೆ ಮನಸ್ಸಿಲ್ಲ.

ಅದು ಸುಮ್ಮನೆ ದಕ್ಕಿದ್ದೂ ಅಲ್ಲ. ರಿಮೋಟನ್ನು ಕಂಪ್ಯೂಟರಿಗೆ ಜೋಡಿಸಿ ಎರಡು ತಿಂಗಳು ಸಿಮ್ಯುಲೇಟರಿನಲ್ಲಿ ಕಳೆದಿದ್ದೆ. ಎಲ್ಲವನ್ನೂ ಹಾರಿಸುವವರ ಕೈಗೇ ಬಿಡುವ ಆಕ್ರೊ ಮೋಡಿನಲ್ಲಿ ಡ್ರೋನ್ ತಾನಾಗಿ ಸಮಸ್ಥಿತಿಗೆ ಬರುವುದಿಲ್ಲ. ಬಲಕ್ಕೆ ವಾಲಿಸಿ ರಿಮೋಟಿನ ಕಡ್ಡಿ ಬಿಟ್ಟರೆ ವಾಲಿಕೊಂಡೇ ಇರುತ್ತದೆ, ಎಡಕ್ಕೆ ಎಳೆದು ನಾವೇ ನೆಟ್ಟಗೆ ಮಾಡಬೇಕು. ಮೋಟಾರುಗಳ ವೇಗ ಏರಿಳಿಸುವ ಥ್ರಾಟಲ್ ಕಡ್ಡಿಯಂತೂ ಕೈಬಿಟ್ಟರೆ ನಡುವಿಗೆ ಮರಳುವುದಿಲ್ಲ, ಬಿಟ್ಟಲ್ಲೇ ನಿಲ್ಲುತ್ತದೆ. ಇದು ಬೆರಳಿಗೆ ಇಳಿದ ಮೇಲೆ, ಅಂಗೈಯಲ್ಲಿ ಕೂರುವ 65 ಮಿಲಿಮೀಟರಿನ ಪುಟ್ಟ ಡ್ರೋನನ್ನು ಮನೆಯೊಳಗೆ ಹಾರಿಸಿದೆ. 5 ಇಂಚಿನ ಪ್ರೊಪೆಲ್ಲರುಗಳ ದೊಡ್ಡದು ಬಂದದ್ದು ಅದರ ನಂತರ.

ಕಲಿಸಿಕೊಟ್ಟವರು ಬಹಳ ಕಟ್ಟುನಿಟ್ಟಿನವರು, ಅದಕ್ಕೇ ಅವರ ಮೇಲೆ ನನಗೆ ಗೌರವ. ಮೇಜಿನ ಮೇಲೆ ಬ್ಯಾಟರಿ ಜೋಡಿಸುವ ಮುಂಚೆ ಪ್ರೊಪೆಲ್ಲರುಗಳನ್ನು ಬಿಚ್ಚಿಡಬೇಕು, ಆಂಟೆನಾ ಇಲ್ಲದೆ ವಿಡಿಯೊ ಟ್ರಾನ್ಸ್‌ಮಿಟರಿಗೆ ವಿದ್ಯುತ್ ಕೊಟ್ಟರೆ ಅದು ಸುಟ್ಟುಹೋಗಬಹುದು, 4.2 ವೋಲ್ಟಿಗೆ ತುಂಬಿದ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ಸೆಲ್ 3.5ಕ್ಕೆ ಬಂದರೆ ಡ್ರೋನನ್ನು ಇಳಿಸಿಬಿಡಬೇಕು. ಇದನ್ನೆಲ್ಲ ಮಂತ್ರದಂತೆ ಬಾಯಿಪಾಠ ಮಾಡಿಸಿದರು. ಆದರೆ ಪಕ್ಕದಲ್ಲಿ ನಿಲ್ಲುವವರ ಬಗ್ಗೆ ಅವರು ಹೇಳಿದ್ದು ಒಂದೇ ವಾಕ್ಯ: "ಯಾರನ್ನಾದರೂ ಜೊತೆಗೆ ನಿಲ್ಲಿಸಿಕೊಳ್ಳಿ, ನಿಯಮವಿದೆ." ಗಾಗಲ್ಸ್ ಹಾಕಿಕೊಂಡವರ ಬಳಿ ಡ್ರೋನನ್ನು ಬರಿಗಣ್ಣಿನಿಂದ ನೋಡುತ್ತಿರುವ ಒಬ್ಬರು ಇರಬೇಕೆಂದು ಹಲವು ದೇಶಗಳ ನಿಯಮ ಹೇಳುತ್ತದೆ. ನಾನೂ ಅದನ್ನು ನಿಯಮವೆಂದೇ ತೆಗೆದುಕೊಂಡು ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ಇದರ ಗಂಧಗಾಳಿಯಿಲ್ಲದ ಅವಳು ಎರಡು ಬ್ಯಾಟರಿ ಮುಗಿಯುವವರೆಗೂ ಬಿಸಿಲಿನಲ್ಲಿ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಆ ನೋಟ ನನಗೆ ಕಂಡದ್ದು ಗಾಗಲ್ಸ್ ತೆಗೆದ ಮೇಲೆ.

ಮೂರನೆಯದರ ನಡುವೆ "ಇಳಿಸು" ಎಂದಳು. ದನಿ ಎತ್ತರಿಸಿರಲಿಲ್ಲ.

"ಇನ್ನೊಂದೇ ಸುತ್ತು, ಅಕ್ಕ" ಎಂದೆ.

ನನ್ನ ಬೆನ್ನ ಹಿಂದಿನಿಂದ ಚೆಂಡಿನ ಬೆನ್ನುಹತ್ತಿ ಒಬ್ಬ ಹುಡುಗ ಬಯಲಿಗೆ ಓಡಿ ಬಂದಿದ್ದ. ನನಗೆ ಕಾಣುತ್ತಿದ್ದದ್ದು ಮರದ ತುದಿ ಮತ್ತು ಆಕಾಶ. ಕ್ಯಾಮೆರಾವನ್ನು 30 ಡಿಗ್ರಿ ಮೇಲಕ್ಕೆ ಮುಖಮಾಡಿ ಕೂರಿಸಿದ್ದೆ. ಡ್ರೋನ್ ಮೂಗು ತಗ್ಗಿಸಿ ಓಡುವಾಗ ಅದು ನೇರ ಮುಂದಕ್ಕೆ ನೋಡುತ್ತದೆ, ತಿರುವಿಗೆಂದು ವೇಗ ತಗ್ಗಿಸಿದೊಡನೆ ದೃಷ್ಟಿ ಮೇಲಕ್ಕೇಳುತ್ತದೆ. ನೆಲವೇ ಕಾಣದ ಆ ಗಳಿಗೆಯಲ್ಲಿ ನೆಲ ಕಾಣುತ್ತಿದ್ದದ್ದು ಅಕ್ಕನಿಗೆ ಮಾತ್ರ.

ಭುಜದ ಮೇಲೆ ಅವಳ ಕೈ ಬಿತ್ತು. ಐದೂ ಬೆರಳು ಒತ್ತಿದವು. "ಇಳಿಸು ಎಂದೆ." ನನ್ನ ತೋರುಬೆರಳು ಡಿಸಾರ್ಮ್ ಸ್ವಿಚ್ಚನ್ನು ಎಳೆಯಿತು, ಮೋಟಾರುಗಳು ನಿಂತವು, ಚಿತ್ರ ಎರಡು ಬಾರಿ ಪಲ್ಟಿ ಹೊಡೆದು ಹುಲ್ಲಿನಲ್ಲಿ ತಲೆಕೆಳಗಾಗಿ ನಿಂತಿತು. ಗಾಗಲ್ಸ್ ಎತ್ತಿದರೆ, ಬಿದ್ದ ಡ್ರೋನಿನಿಂದ ಹದಿನೈದು ಹೆಜ್ಜೆ ಆಚೆ ಆ ಹುಡುಗ ಚೆಂಡನ್ನು ಎದೆಗವಚಿಕೊಂಡು ಬೆರಗಿನಿಂದ ನೋಡುತ್ತಿದ್ದ. ಅವನ ಒಂದು ಚಪ್ಪಲಿ ಹಿಂದೆಲ್ಲೋ ಉಳಿದಿತ್ತು.

ಏನೂ ಆಗಲಿಲ್ಲ. ಆದರೂ ಆ ರಾತ್ರಿ ಲೆಕ್ಕ ಹಾಕುತ್ತ ಮಲಗಿದ್ದೆ. ಗಂಟೆಗೆ 36 ಕಿಲೋಮೀಟರ್ ಎಂದು ಹಿಡಿದರೂ ಸೆಕೆಂಡಿಗೆ 10 ಮೀಟರ್. "ಇನ್ನೊಂದೇ ಸುತ್ತು, ಅಕ್ಕ" ಎನ್ನಲು ಒಂದೂವರೆ ಸೆಕೆಂಡ್ ಬೇಕು. ಅಂದರೆ ಆ ಮಾತಿನ ಉದ್ದ 15 ಮೀಟರ್. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ನಾಲ್ಕು ಪ್ರೊಪೆಲ್ಲರುಗಳು ಆ 15 ಮೀಟರನ್ನು ಹುಡುಗನ ಕಡೆಗೇ ಓಡಿದ್ದವು.

ಕೇಳಿಸದೆ ಹೋಗಿದ್ದರೆ ಬೇರೆ ಮಾತು. ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಯೋಚಿಸಿದಷ್ಟೂ ಇದು ಡ್ರೋನಿನಿಂದ ಬಂದ ಅಭ್ಯಾಸವಲ್ಲ ಎನಿಸುತ್ತಿದೆ. ಮನೆಯಲ್ಲಿ ಯಾರಾದರೂ ಕೂಗಿದರೆ "ಬಂದೆ" ಎನ್ನುತ್ತೇವೆ. ಬಂದೇ ಬಿಟ್ಟಿದ್ದೇವೆ ಎಂಬಂತೆ ಮಾತು ಮುಗಿದಿರುತ್ತದೆ, ಮೈ ಕುಳಿತಲ್ಲಿಂದ ಕದಲಿರುವುದಿಲ್ಲ. ಅಕ್ಕನ ಎಷ್ಟು ಕರೆಗಳಿಗೆ ನಾನು ಹಾಗೆ "ಬಂದೆ" ಎಂದು ಕುಳಿತೇ ಇದ್ದೆನೋ! ಹತ್ತಿರದವರ ದನಿ ಎಷ್ಟು ಪಳಗಿರುತ್ತದೆ ಎಂದರೆ, ಅದಕ್ಕೆ ಉತ್ತರ ಕೊಟ್ಟರೆ ಸಾಕು, ಏಳಬೇಕಾಗಿಲ್ಲ ಎಂದು ಮೈ ಕಲಿತುಬಿಟ್ಟಿರುತ್ತದೆ. ಅದೇ ಬಯಲಿನಲ್ಲಿ ಗುರುತಿಲ್ಲದ ಯಾರೋ "ಇಳಿಸಿ" ಎಂದಿದ್ದರೆ ನಾನು ತಕ್ಷಣ ಇಳಿಸುತ್ತಿದ್ದೆ. ಇದು ನನ್ನನ್ನು ಹೆಚ್ಚು ನೋಯಿಸುತ್ತಿದೆ.

ಬುಧವಾರ ಅಕ್ಕನ ಬಳಿ ಕುಳಿತು, ಮುಂದಿನ ಭಾನುವಾರವೂ ಬರುತ್ತೀಯಾ ಎಂದು ಕೇಳಿದೆ. ಅವಳು ಒಂದು ಷರತ್ತು ಹಾಕಿದಳು. ಅದರಂತೆ ಈಗ ಸಂಜೆ ಸಿಮ್ಯುಲೇಟರಿನಲ್ಲಿ ಹಾರಿಸುವಾಗ ಅವಳು ಯಾವುದೋ ಕೆಲಸದ ನಡುವೆ, ಯಾವುದೋ ಕೋಣೆಯಿಂದ, ಮುನ್ಸೂಚನೆಯಿಲ್ಲದೆ ಆ ಒಂದು ಪದ ಹೇಳುತ್ತಾಳೆ. ಮೊನ್ನೆ ಎರಡು ಬಾರಿ ತಡಮಾಡಿದೆ. ನಿನ್ನೆ ಕಮಾನಿನೊಳಗೆ ನುಗ್ಗುವ ಹೊತ್ತಿಗೆ ಸರಿಯಾಗಿ ಅವಳ ದನಿ ಬಂತು. ಬೆರಳು ಸ್ವಿಚ್ಚನ್ನು ಎಳೆಯಿತು, ಪರದೆಯ ಮೇಲೆ ಡ್ರೋನ್ ಉದುರಿತು.

"ಕೇಳಿಸಿತೇ?" ಎಂದಳು.

"ಇಳಿಸಿದೆ" ಎಂದೆ.