ಶ್ರೀರಂಗಪಟ್ಟಣದ ಮಳೆ, ಲಂಡನ್ನಿನ ಚಿತ್ರ

ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ 1791ರ ಡಿಸೆಂಬರಿನಲ್ಲಿ ರಚಿಸಿದ ವ್ಯಂಗ್ಯಚಿತ್ರವೊಂದನ್ನು ಇಂದು ಬೆಳಿಗ್ಗೆ ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಶ್ರೀರಂಗಪಟ್ಟಣದ ಕೋಟೆಯ ಮೇಲೆ ನಿಂತ ಟಿಪ್ಪು ಸುಲ್ತಾನ್, ಕೆಳಗೆ ದಿಕ್ಕೆಟ್ಟು ಓಡುತ್ತಿರುವ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದ ಮೇಲೆ ಮೂತ್ರ ಹೊಯ್ಯುತ್ತಿದ್ದಾನೆ; ಅದನ್ನೇ ಗಿಲ್ರೇ ಮುಂಗಾರಿನ ಆಗಮನವೆಂದು ಕರೆದಿದ್ದಾನೆ. ಆ ವರ್ಷದ ಮೇ ತಿಂಗಳಲ್ಲಿ ರಾಜಧಾನಿಯ ಹತ್ತಿರಕ್ಕೇ ಬಂದಿದ್ದ ಕಾರ್ನ್‌ವಾಲಿಸ್, ಮಳೆ ಹಿಡಿದು, ದವಸ ತೀರಿ, ಬಂಡಿಯ ಎತ್ತುಗಳು ಸಾಲುಸಾಲಾಗಿ ಸತ್ತು, ಕೊನೆಗೆ ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿನ ಕಡೆಗೆ ಹಿಂದಿರುಗಿದ್ದ.

ಆ ಸುದ್ದಿ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಲಂಡನ್ ಮುಟ್ಟಿತು. ಗಿಲ್ರೇ ಅದನ್ನು ತಾಮ್ರದ ತಗಡಿಗೆ ಇಳಿಸಿದ. ಹ್ಯಾನಾ ಹಂಫ್ರಿ ಎಂಬ ಮಹಿಳೆ ಅದನ್ನು ತನ್ನ ಅಂಗಡಿಯಿಂದ ಪ್ರಕಟಿಸಿದಳು. ಯುದ್ಧ ಇನ್ನೂ ಮುಗಿಯದಿರುವಾಗಲೇ ತಮ್ಮದೇ ಗವರ್ನರ್ ಜನರಲ್‌ನನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಗೇಲಿ ಮಾಡಿ, ಅದನ್ನು ರಾಜಧಾನಿಯಲ್ಲಿ ಬಹಿರಂಗವಾಗಿ ಮಾರಿದ ಆ ಧೈರ್ಯಕ್ಕೆ ನನ್ನ ಮನಸ್ಸು ತಲೆಬಾಗುತ್ತದೆ.

ಆದರೂ ಒಂದು ನೋವು ಉಳಿಯುತ್ತದೆ. ಭಾರತವನ್ನು ಎಂದೂ ಕಾಣದ ಗಿಲ್ರೇಯ ಟಿಪ್ಪುವಿನಲ್ಲಿ ಮೈಸೂರಿನ ಸುಲ್ತಾನನ ಗುರುತು ಸಿಗುವುದಿಲ್ಲ. ಆ ಟಿಪ್ಪು ಕಾರ್ನ್‌ವಾಲಿಸನನ್ನು ಅವಮಾನಿಸಲು ಗಿಲ್ರೇ ಬಳಸಿಕೊಂಡ ಸಾಧನ ಮಾತ್ರ. ಎರಡೂ ಸೈನ್ಯಗಳು ತುಳಿದುಹೋದ ಕಾವೇರಿ ಬಯಲಿನ ರೈತನಂತೂ ಆ ಚಿತ್ರದ ಮೂಲೆಯಲ್ಲಿಯೂ ಇಲ್ಲ. ಮರುವರ್ಷ ಕಾರ್ನ್‌ವಾಲಿಸ್ ಮತ್ತೆ ಬಂದು, ಅರ್ಧ ರಾಜ್ಯವನ್ನೂ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿಯೂ ಪಡೆದುಕೊಂಡ.