ಗಾಳಿಯ ಕೆಲಸ ಯಾವುದು, ಮಳೆಯ ಕೆಲಸ ಯಾವುದು: ಲಿಂಗನಮಕ್ಕಿ ಹಿನ್ನೀರಿನಿಂದ ಕೊಡಚಾದ್ರಿಗೆ

ಕೊಡಚಾದ್ರಿಯ ಸರ್ವಜ್ಞ ಪೀಠದ ಬಳಿ ಟೊಪ್ಪಿ ಹಾರಿಹೋಗದಂತೆ ಹಿಡಿದು ನಿಂತ ಗುಂಪಿನಲ್ಲಿ ಒಬ್ಬರಾದರೂ 'ಈ ಗುಡ್ಡವನ್ನು ಗಾಳಿಯೇ ಬೋಳಿಸಿದೆ ನೋಡಿ' ಎನ್ನದೆ ಇರುವುದಿಲ್ಲ. ಕೇಳಲು ಚೆನ್ನಾಗಿರುವ ಈ ಮಾತಿನಲ್ಲಿ ನಿಜ ಅರ್ಧಕ್ಕಿಂತ ಕಡಿಮೆ. ಗಾಳಿ ನೆಲವನ್ನು ಸವೆಸುವುದನ್ನು ಕಣ್ಣಾರೆ ನೋಡಬೇಕೆಂದು ಶಿವಮೊಗ್ಗದ ಕಡೆಗೆ ಹೊರಟವರಿಗೆ ನನ್ನ ಸಲಹೆ ಇಷ್ಟು: ಮೊದಲು ಬೆಟ್ಟ ಹತ್ತಬೇಡಿ. ಬೇಸಿಗೆಯಲ್ಲಿ ನೀರಿಳಿದ ಲಿಂಗನಮಕ್ಕಿಯ ಹಿನ್ನೀರಿಗೆ ಹೋಗಿ. ಅಲ್ಲಿ ಒಂದು ಮಧ್ಯಾಹ್ನ ಕಳೆದು ಮರುದಿನ ಕೊಡಚಾದ್ರಿಗೆ ಹೋದರೆ, ಬೆಟ್ಟದ ಮೇಲೆ ಗಾಳಿಯ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಲೆಕ್ಕ ಹಾಕಲು ಬರುತ್ತದೆ.

ಕಾಲ ಮುಖ್ಯ. ಶರಾವತಿಗೆ ಅಡ್ಡವಾಗಿ ಕಟ್ಟಿದ ಈ ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಮಳೆಗಾಲದ ಕೊನೆಗೆ ತುಂಬಿದ ನೀರು ವಿದ್ಯುತ್ ಉತ್ಪಾದನೆಗೆ ಹರಿಯುತ್ತ ಹರಿಯುತ್ತ, ಮಾರ್ಚ್ ಮುಗಿಯುವ ಹೊತ್ತಿಗೆ ದಂಡೆಯಿಂದ ಬಹಳ ಹಿಂದೆ ಸರಿದಿರುತ್ತದೆ. ಆಗಿನಿಂದ ಮೇ ಮಧ್ಯದವರೆಗೆ ಬರಬಹುದು. ನಡುವೆ ದೊಡ್ಡ ಅಡ್ಡಮಳೆ ಬಿದ್ದರೆ ಕೆಲವು ದಿನ ತಡೆದು ಹೊರಡಿ. ಒದ್ದೆ ನೆಲದಲ್ಲಿ ನಿಮಗೆ ಕಾಣಬೇಕಾದದ್ದು ಏನೂ ಕಾಣುವುದಿಲ್ಲ.

ಬೆಂಗಳೂರಿನವರಿಗೆ ರಾತ್ರಿಯ ತಾಳಗುಪ್ಪ ರೈಲು ಅನುಕೂಲ. ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು. ಶಿವಮೊಗ್ಗದಿಂದ ರಸ್ತೆಯಲ್ಲಾದರೆ ಎಪ್ಪತ್ತು ಕಿ.ಮೀ. ಚಿಲ್ಲರೆ. ಉಳಿಯಲು ಸಾಗರವೇ ಸರಿ. ಅಲ್ಲಿಂದ ಆವಿನಹಳ್ಳಿಯ ಮೇಲೆ ಹೊಳೆಬಾಗಿಲಿಗೆ ಸುಮಾರು ಮೂವತ್ತು ಕಿ.ಮೀ. ಮೊದಲು ಇಲ್ಲಿ ಲಾಂಚಿಗಾಗಿ ಸಾಲು ನಿಲ್ಲಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಜನ ನಿಲ್ಲದೆ ಸಾಗಿಬಿಡುತ್ತಾರೆ. ಕೆಳಗಿನ ಬಯಲನ್ನು ನೋಡುವವರು ಕಡಿಮೆ. ನಮ್ಮಂಥವರಿಗೆ ಅದೂ ಒಳ್ಳೆಯದೇ.

ಬೆಳಿಗ್ಗೆ ಹೋಗಿ ಪ್ರಯೋಜನವಿಲ್ಲ. ಇಬ್ಬನಿಯ ತೇವಕ್ಕೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಗಾಳಿಯೂ ಎದ್ದಿರುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿ, ಬಿಸಿಲು ಸ್ವಲ್ಪ ಓರೆಯಾದ ಮೇಲೆ ಇಳಿಯಿರಿ. ಪಡುವಣದ ಗಾಳಿ ಬಿರುಸಾಗುವುದು ಆಗಲೇ. ಒಣಗಿದ ಸಣ್ಣ ಮರಳು ಕದಲಬೇಕಾದರೆ ಗಾಳಿಯ ವೇಗ ಗಂಟೆಗೆ ಸುಮಾರು 20 ಕಿ.ಮೀ. ಇರಬೇಕು. ಅದಕ್ಕಿಂತ ಕಡಿಮೆಯಾದರೆ ಮುಖಕ್ಕೆ ಹಿತ, ನೆಲಕ್ಕೆ ಲೆಕ್ಕವಿಲ್ಲ. ಮೇಲೆ ಹೋದಂತೆ ಲೆಕ್ಕ ವಿಪರೀತ ಏರುತ್ತದೆ: ಸಾಗುವ ಮರಳಿನ ಪ್ರಮಾಣ ಸರಿಸುಮಾರು ಗಾಳಿಯ ವೇಗದ ಘನದಷ್ಟು ಹೆಚ್ಚುವುದರಿಂದ, ವೇಗ ಎರಡರಷ್ಟಾದರೆ ಹೊರುವ ಮರಳು ಎಂಟರಷ್ಟಾಗುತ್ತದೆ. ಹಾಗಾಗಿ ಇಡೀ ಮಧ್ಯಾಹ್ನ ಬೀಸುವ ತಂಗಾಳಿಗಿಂತ ನಡುನಡುವೆ ಬರುವ ನಾಲ್ಕು ಜೋರು ಬೀಸುಗಳಿಗೆ ಕಾಯಬೇಕು.

ಬೀಸು ಬಂದಾಗ ನಿಂತು ನೋಡಬೇಡಿ, ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ನೆಲಮಟ್ಟದಲ್ಲಿ ಕಣಗಳು ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ನೆಗೆಯುತ್ತಿರುತ್ತವೆ. ಒಂದು ಕಣ ಎದ್ದು, ಗಾಳಿಯ ಜೊತೆ ಸ್ವಲ್ಪ ದೂರ ಸಾಗಿ ಬೀಳುವಾಗ ಕೆಳಗಿರುವ ಇನ್ನೆರಡನ್ನು ಎಬ್ಬಿಸುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಅರ್ಧ ಮಿಲಿಮೀಟರಿನವರೆಗಿನ ಕಣಗಳದ್ದು ಈ ನೆಗೆತ. ಗಾಳಿ ಸಾಗಿಸುವ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಾಗುವುದು ಹೀಗೆಯೇ. ಅದಕ್ಕಿಂತ ದಪ್ಪನೆಯವು ಪೆಟ್ಟು ತಿಂದು ತೆವಳುತ್ತವೆ. ಸಣ್ಣವು ಧೂಳಾಗಿ ಮೇಲೇರಿ ಎಲ್ಲೋ ಹೋಗುತ್ತವೆ. ನೀವು ಬರಿಗಾಲಿನಲ್ಲಿದ್ದರೆ ಚುರುಕು ತಾಗುವುದು ಹರಡಿಗೆ, ಮುಖಕ್ಕಲ್ಲ. ಮರುಭೂಮಿಗಳಲ್ಲಿ ಬುಡ ಸವೆದು ತಲೆ ದಪ್ಪಗಾದ ಅಣಬೆಯಾಕಾರದ ಬಂಡೆಗಳ ಗುಟ್ಟು ಇದೇ: ಮರಳಿನ ಹೊಡೆತ ನೆಲದ ಹತ್ತಿರವೇ ಜೋರು. ಅಂಥ ಬಂಡೆಯನ್ನು ಹುಡುಕಿಕೊಂಡು ಮಲೆನಾಡಿಗೆ ಮಾತ್ರ ಬರಬೇಡಿ.

ಇಲ್ಲಿ ಹುಡುಕಬೇಕಾದದ್ದು ಮರದ ಬೊಡ್ಡೆಗಳನ್ನು. ಅಣೆಕಟ್ಟಿನ ಕಾಲಕ್ಕೆ ಮುಳುಗಡೆಯಾದ ಕಾಡಿನ ಬುಡಗಳು ಇಂದಿಗೂ ಬಯಲ ತುಂಬ ನಿಂತಿವೆ. ಪ್ರತಿ ಬೊಡ್ಡೆಯ ಮೂಡಣ ಬದಿಯಲ್ಲಿ, ಗಾಳಿ ತಾಗದ ಮರೆಯಲ್ಲಿ, ಮರಳು ಸಣ್ಣ ಬಾಲದಂತೆ ಕೂಡಿರುತ್ತದೆ. ಪಡುವಣ ಬದಿಯಲ್ಲಿ ಅಂಗೈಯಷ್ಟು ತಗ್ಗು. ಇಷ್ಟು ಗಾಳಿಯ ಕೆಲಸ. ಆದರೆ ಮೊಣಕಾಲೆತ್ತರ ತೆರೆದುಕೊಂಡ ಬೇರುಗಳನ್ನು ನೋಡಿ ಅದನ್ನೂ ಗಾಳಿಯ ಲೆಕ್ಕಕ್ಕೆ ಬರೆಯಬೇಡಿ. ಅದು ಅಲೆಗಳ ಕೆಲಸ. ಅಲೆ ಎಬ್ಬಿಸಿದ್ದು ಗಾಳಿಯೇ ಅನ್ನಿ, ಆದರೆ ಮಣ್ಣು ಕಿತ್ತದ್ದು ನೀರು. ದಂಡೆಯ ಇಳಿಜಾರಿನಲ್ಲಿ ಒಂದರ ಕೆಳಗೊಂದು ಸಾಗುವ ಮೆಟ್ಟಿಲುಗಳೂ ಹಾಗೆಯೇ ಆದವು. ನೀರು ಒಂದೊಂದು ಮಟ್ಟದಲ್ಲಿ ತಂಗಿದಾಗ ಅಲೆ ಬಡಿದು ಕೊರೆದ ಗುರುತು.

ಮರಳಿನ ಮೇಲಿನ ಸುಕ್ಕುಗಳಲ್ಲಿಯೂ ಎರಡು ಜಾತಿ. ಎರಡೂ ಬದಿ ಒಂದೇ ಸಮನಾಗಿ ಇಳಿದಿದ್ದರೆ ಅದು ನೀರಿದ್ದಾಗ ಅಲೆ ಮೂಡಿಸಿದ್ದು. ಪಡುವಣಕ್ಕೆ ನಿಧಾನ ಇಳಿಜಾರು, ಮೂಡಣಕ್ಕೆ ಕಡಿದಾದ ಇಳಿಜಾರು ಇದ್ದು, ಏಣಿನ ಮೇಲೆ ದಪ್ಪ ಕಣಗಳು ಕುಳಿತಿದ್ದರೆ ಗಾಳಿಯದ್ದು. ಸಂಜೆಯ ಓರೆ ಬಿಸಿಲಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಫೋಟೊ ತೆಗೆಯುವವರು ಲೆನ್ಸ್ ಬದಲಾಯಿಸುವ ಸಾಹಸ ಮಾಡದಿರುವುದು ಲೇಸು.

ವಾಹನ ಕೆಳಗಿಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮೇಲೆ ಒಣಗಿ ಬಿರುಕುಬಿಟ್ಟ ಜೇಡಿಯ ಕೆಳಗೆ ನೀರಂಚಿನಲ್ಲಿ ಸೊಂಟದಾಳದ ಕೆಸರು ಇರಬಹುದು. ಕಾರು ಹೂತರೆ ಎಳೆಯಲು ಊರಿನವರ ಟ್ರ್ಯಾಕ್ಟರನ್ನೇ ಬೇಡಬೇಕು. ಇನ್ನೊಂದು ಕಾರಣವೂ ಇದೆ. ಜೇಡಿಯ ಹೆಪ್ಪು ಗಟ್ಟಿಯಾಗಿರುವಷ್ಟು ಕಾಲ ಎಂಥ ಗಾಳಿಗೂ ಅದು ಬಗ್ಗುವುದಿಲ್ಲ. ಚಕ್ರ ಹರಿದು ಪುಡಿಯಾಯಿತೋ, ಮುಂದಿನ ಬೀಸಿಗೇ ಧೂಳಾಗಿ ಏಳುತ್ತದೆ. ಬೈಕುಗಳು ಸುತ್ತಿದ ಜಾಗ ಮತ್ತು ಪಕ್ಕದ ಜಾಗ ಎರಡನ್ನೂ ಒಟ್ಟಿಗೆ ನೋಡಿದರೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ನೀರು ಸರಿದಲ್ಲೆಲ್ಲ ಹಸುರು ಹುಲ್ಲು ಚಿಗುರಿ ದನಗಳು ಮೇಯುತ್ತಿರುತ್ತವಲ್ಲ, ಅಲ್ಲಿಯೂ ಕುಳಿತು ನೋಡಿ: ಒಂದು ಕಣವೂ ಕದಲುವುದಿಲ್ಲ.

ತಲಕಾಡು ನೋಡಿದವರಿಗೆ ಇದು ಬೇಗ ಹೊಂದಿಕೊಳ್ಳುತ್ತದೆ. ಕಾವೇರಿಯ ಪಾತ್ರದಲ್ಲಿ ಬತ್ತಿದ ಮರಳನ್ನು ಗಾಳಿ ದಂಡೆಗೆ ತಂದು ಸುರಿದು, ಪಾತಾಳೇಶ್ವರದಂಥ ಗುಡಿಗಳನ್ನೇ ಹೂತುಬಿಟ್ಟಿತು. ಒಣಗಿದ, ಸಡಿಲವಾದ, ಬೋಳಾದ ನೆಲ ಮೂರೂ ಒಟ್ಟಿಗೆ ಸಿಕ್ಕರೆ ಗಾಳಿಗೆ ಮರುಭೂಮಿಯೇ ಬೇಕೆಂದಿಲ್ಲ. ಮಲೆನಾಡಿನಲ್ಲಿ ಈ ಮೂರೂ ಸೇರುವುದು ಅಪರೂಪ, ಅಷ್ಟೆ.

ಮರುದಿನ ಬೆಳಿಗ್ಗೆ ಬೇಗ ಸೇತುವೆ ದಾಟಿ, ತುಮರಿಯ ಮೇಲೆ ಕೊಲ್ಲೂರಿನ ದಾರಿ ಹಿಡಿದು ನಿಟ್ಟೂರಿನ ಕಡೆಗೆ ಬನ್ನಿ. ನಿಟ್ಟೂರು, ಕಟ್ಟಿನಹೊಳೆ, ಕೊಲ್ಲೂರು ಎಲ್ಲಿಂದಲೂ ಜೀಪು ಸಿಗುತ್ತದೆ. ಬಾಡಿಗೆ ಇಡೀ ಜೀಪಿಗೆ. ಇಬ್ಬರೇ ಇದ್ದರೆ ಬೇರೆ ಗುಂಪು ಸೇರುವವರೆಗೆ ಕಾಯುವ ತಾಳ್ಮೆ ಇರಲಿ. ನಡೆದು ಹತ್ತುವವರು ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು. ಇದು ಮೂಕಾಂಬಿಕಾ ವನ್ಯಜೀವಿಧಾಮದ ಕಾಡು. ವಾರಾಂತ್ಯದ ಜಾತ್ರೆಯ ಬಗ್ಗೆ ಹೇಳುವುದೇ ಬೇಡ.

ಜೀಪಿನ ದಾರಿಯ ಕುಲುಕಾಟವನ್ನು ಎಲ್ಲರೂ ವರ್ಣಿಸಿದ್ದಾರೆ, ನಾನು ಬಿಡುತ್ತೇನೆ. ನೀವು ನೋಡಬೇಕಾದದ್ದು ದಾರಿಬದಿಯ ಎಲೆಗಳನ್ನು. ಬೇಸಿಗೆಯಲ್ಲಿ ಎರಡೂ ಬದಿಯ ಗಿಡಗಳು ಕೆಂಪಗೆ ಮುಚ್ಚಿಹೋಗಿರುತ್ತವೆ. ಹತ್ತು ಹೆಜ್ಜೆ ಒಳಗೆ ಹೋದರೆ ಎಲೆಗಳು ಹಸುರು. ಕಾಡಿನೊಳಗೆ ದರಗು ಹಾಸಿದ ನೆಲದಿಂದ ಗಾಳಿಗೆ ಸಿಗುವುದು ಏನೂ ಇಲ್ಲ. ದಾರಿಯಲ್ಲಿ ಚಕ್ರ ಪುಡಿಮಾಡಿ ಕೊಟ್ಟದ್ದನ್ನಷ್ಟೇ ಅದು ಎತ್ತಿಕೊಂಡಿದೆ.

ಹಾಗಾದರೆ ಕಾಡಿನಲ್ಲಿ ಗಾಳಿ ಸುಮ್ಮನಿರುತ್ತದೆಯೇ? ನಮ್ಮ ಜೀಪಿನ ಚಾಲಕನನ್ನು ಇದೇ ಕೇಳಿದೆ. 'ಮಳೆಗಾಲದ ಗಾಳಿಗೆ ಜೀಪಿನ ಟಾರ್ಪಾಲೇ ನಿಲ್ಲುವುದಿಲ್ಲ ಸಾರ್, ಮರ ನಿಲ್ಲುತ್ತದೆಯೇ?' ಎಂದು ಬುಡಮೇಲಾದ ಒಂದು ಮರ ತೋರಿಸಿದ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ನೋಡಲೇಬೇಕಾದದ್ದು ಅದು. ಮರ ಮೂಡಣಕ್ಕೆ ಬಿದ್ದಿತ್ತು. ಬೇರು ತನ್ನ ಜೊತೆ ಗೋಡೆಯಷ್ಟು ಮಣ್ಣನ್ನೂ ಕಲ್ಲನ್ನೂ ಎತ್ತಿ ನಿಲ್ಲಿಸಿತ್ತು. ಹಿಂದೆ ದೊಡ್ಡ ಗುಂಡಿ. ಕಾಲ ಕಳೆದಂತೆ ಮರ ಕೊಳೆತುಹೋಗುತ್ತದೆ, ಎದ್ದ ಮಣ್ಣು ಕುಸಿದು ಗುಂಡಿಯ ಪಕ್ಕದಲ್ಲಿ ದಿಬ್ಬವಾಗಿ ಉಳಿಯುತ್ತದೆ. ಆಳದ ಮಣ್ಣು ಮೇಲೆ ಬರುತ್ತದೆ, ಮಳೆ ಅದನ್ನು ಇಳಿಜಾರಿನಲ್ಲಿ ಕೆಳಗೊಯ್ಯುತ್ತದೆ, ಗುಂಡಿಯಲ್ಲಿ ಎಲೆ ಕೊಳೆತು ಹೊಸ ಸಸಿ ಏಳುತ್ತದೆ. ಕಾಡಿನ ನೆಲದಲ್ಲಿ ಪಡುವಣಕ್ಕೆ ತಗ್ಗು, ಮೂಡಣಕ್ಕೆ ದಿಬ್ಬ ಜೋಡಿಯಾಗಿ ಕಂಡರೆ, ಯಾವುದೋ ಮಳೆಗಾಲದ ಪಡುಗಾಳಿ ಕೆಡವಿದ ಮರದ ಜಾಗವಿರಬೇಕೆಂದು ಊಹಿಸಬಹುದು. ಮಲೆನಾಡಿನ ಗಾಳಿ ಮಣ್ಣನ್ನು ತಿರುವಿಹಾಕುವುದು ಮರದ ಮೂಲಕ.

ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಜೀಪು ನಿಲ್ಲುತ್ತದೆ. ಅಲ್ಲಿಂದ 1,343 ಮೀಟರಿನ ತುದಿಯತ್ತ, ಸರ್ವಜ್ಞ ಪೀಠದವರೆಗೆ, ಹೆಚ್ಚುಕಡಿಮೆ ಎರಡು ಕಿ.ಮೀ. ನಡಿಗೆ. ಏಣಿನ ಮೇಲೆ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಕುಳ್ಳಗಿನ ದಟ್ಟ ಕಾಡು. ಈ ಏರ್ಪಾಡಿನಲ್ಲಿ ಗಾಳಿಗೂ ಒಂದು ಪಾಲಿದೆ: ಏಣಿನ ಅಂಚಿನ ಮರಗಳು ಗಿಡ್ಡಾಗಿ ಮೂಡಣಕ್ಕೆ ವಾಲಿರುವುದು ಅದರಿಂದಲೇ. ಆದರೆ ತೆಳುವಾದ ಮಣ್ಣು, ಬೆಂಕಿ, ಮೇವು ಇವನ್ನೆಲ್ಲ ಬಿಟ್ಟು ಗಾಳಿಯೊಂದಕ್ಕೇ ಕೀರ್ತಿ ಕೊಡುವುದು ತಪ್ಪು. ಹುಲ್ಲಿನ ಬೇರು ಹಿಡಿದಿರುವ ಕಡೆ ಮಣ್ಣು ಅಲುಗಿಲ್ಲ. ಜನ ನಡೆದು ಸವೆಸಿದ ಕಾಲುದಾರಿಗಳಲ್ಲಿ ಮಾತ್ರ ಕೊರಕಲು, ಅದೂ ನೀರು ಹರಿದ ಕೊರಕಲು. ಇಲ್ಲಿಂದ ಹೆಚ್ಚು ದೂರವಿಲ್ಲದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ಅಷ್ಟು ನೀರಿನ ಮುಂದೆ ಬರಿಯ ಗಾಳಿಯ ಆಟ ಎಷ್ಟು ನಡೆದೀತು? ಅದರ ದೊಡ್ಡ ಕೆಲಸವೆಂದರೆ ಅರಬ್ಬಿ ಸಮುದ್ರದ ಆವಿಯನ್ನು ಹೊತ್ತು ತಂದು ಘಟ್ಟಕ್ಕೆ ಒತ್ತಿ ಮೇಲೇರಿಸಿ ಮಳೆ ಸುರಿಸುವುದು, ಸುರಿಯುವಾಗ ಹನಿಗಳನ್ನು ಓರೆಯಾಗಿ ಪಡುವಣ ಇಳಿಜಾರಿಗೆ ಬಡಿಯುವುದು.

ಹೊಸನಗರದ ಮೇಲೆ ಹಿಂದಿರುಗುವವರು ಮನೆಗಳ ಪಾಗಾರದ ಜಂಬಿಟ್ಟಿಗೆ ಕಲ್ಲನ್ನು ಹತ್ತಿರದಿಂದ ನೋಡಿ. ಅದರ ತೂತುಗಳನ್ನು ಗಾಳಿ ಕೊರೆದದ್ದೆಂದು ನಂಬುವವರು ಬಹಳ. ಅವು ಮಳೆನೀರು ಇಳಿದು ಮೆತ್ತನೆಯ ಜೇಡಿ ತೊಳೆದುಹೋಗಿ ಆದವು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡ ಈ ಕಲ್ಲನ್ನು ಲ್ಯಾಟರೈಟ್ ಎಂದು ಕರೆದು ವರ್ಣಿಸಿದಾಗ ಗಮನಿಸಿದ್ದು ಇದಕ್ಕೆ ತದ್ವಿರುದ್ಧವಾದ ಗುಣವನ್ನು: ನೆಲದೊಳಗೆ ಕೊಡಲಿಗೆ ಕತ್ತರಿಸುವಷ್ಟು ಮೃದುವಾಗಿರುವ ಈ ಕಲ್ಲು ಹೊರತೆಗೆದು ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ.

ಉಳಿದದ್ದು ಸಣ್ಣಪುಟ್ಟ ತಯಾರಿ. ಹಿನ್ನೀರಿನ ಬಯಲಿನಲ್ಲಿ ನೆರಳೆಂಬುದಿಲ್ಲ, ಅಂಗಡಿ ಮೇಲಿನ ರಸ್ತೆಯಲ್ಲಿ. ಕುಡಿಯುವ ನೀರು ಒಯ್ಯಿರಿ. ಕನ್ನಡಕ, ಮೂಗಿಗೆ ಕಟ್ಟಲು ಒಂದು ಪಂಚೆಯ ತುಂಡು, ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಸಾಕು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿದರೆ ಕೊಡಚಾದ್ರಿಯ ಏಣು ಬಿಟ್ಟು ಕೂಡಲೇ ಇಳಿಯಿರಿ, ಸಿಡಿಲಿಗೆ ಅಲ್ಲಿ ನಿಮಗಿಂತ ಎತ್ತರದ್ದು ಇರುವುದಿಲ್ಲ. ಮಾವಿನ ಕಾಲವಾದ್ದರಿಂದ ಸಾಗರದಲ್ಲಿ ಊಟಕ್ಕೆ ಕುಳಿತಾಗ ಅಪ್ಪೆಹುಳಿ ಇದೆಯೇ ಎಂದು ಕೇಳಿ. ಜೂನಿನಿಂದ ಸೆಪ್ಟೆಂಬರಿನೊಳಗೆ ಬರುವವರಿಗೆ ಹಿನ್ನೀರಿನ ಬಯಲು ಕ್ರಮೇಣ ಮುಳುಗುತ್ತದೆ, ಜೀಪು ಬಿಡುತ್ತಾರೋ ಇಲ್ಲವೋ ಎಂಬುದು ಆ ದಿನದ ಮಳೆಗೆ ಬಿಟ್ಟದ್ದು; ಹೊರಡುವ ಮುನ್ನ ಫೋನ್ ಮಾಡಿ ವಿಚಾರಿಸಿ, ಇಂಬಳಕ್ಕೆ ಉಪ್ಪು ಕಟ್ಟಿಕೊಳ್ಳಿ.