ಮರ್ಮರ

೧೪ ಆಗಸ್ಟ್ ೨೦೨೪, ಬುಧವಾರ
ಗದಗ

ಇವತ್ತು ನೋಡಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಇದ್ದದ್ದು ಶ್ರಾವಣದ ನೆಗಡಿ, ಕೆಮ್ಮು. ಅವರ ಮುಖಗಳು ಈಗಾಗಲೇ ಒಂದರೊಳಗೊಂದು ಕಲೆತುಹೋಗಿವೆ. ಮನಸ್ಸಿನಿಂದ ಹೋಗದೆ ಉಳಿದವಳು ಬೆಟಗೇರಿಯಿಂದ ಬಂದ ಆರು ವರ್ಷದ ಹುಡುಗಿ, ಅವಳಿಗಿಂತ ಹೆಚ್ಚಾಗಿ ಅವಳ ತಾಯಿ. ಪಂಚಮಿಗೆ ಮುಂಚೆ ಮಗುವಿಗೆ ಜ್ವರ ಬಂದಾಗ ತೋರಿಸಿದ ಕಡೆ ಎದೆಗೆ ಸ್ಟೆತಸ್ಕೋಪ್ ಇಟ್ಟವರು, ಏನೋ ಸದ್ದು ಕೇಳುತ್ತಿದೆ, ಹೃದಯದಲ್ಲಿ ತೂತು ಇದ್ದರೂ ಇರಬಹುದು ಎಂದು ಹೇಳಿ ಕಳಿಸಿದ್ದರಂತೆ. ಆ ಒಂದು ಮಾತಿಗೆ ಹೆದರಿ ಈ ಸಲ ಹಬ್ಬದಲ್ಲಿ ಆ ಹುಡುಗಿಯನ್ನು ಜೋಕಾಲಿ ಹತ್ತಲು ಬಿಟ್ಟಿಲ್ಲ. "ಹ್ವಾದ ವರ್ಷ ಭಾಳ ಜೋಕಾಲಿ ಆಡಿದ್ಲರಿ ಬಾಯಾರ, ಅದಕ್ಕ ಹಿಂಗ ಆತೇನ್ರಿ?" ಎಂದು ತಾಯಿ ಕೇಳಿದಾಗ ನಗು ಬರಬೇಕಿತ್ತು, ಬರಲಿಲ್ಲ.

ಮಗುವನ್ನು ಮಲಗಿಸಿ ಎದೆಯ ಸದ್ದು ಕೇಳಿದೆ. ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಕವಾಟಗಳು ಮುಚ್ಚಿಕೊಳ್ಳುವ ಮಂದ್ರವಾದ ಮೊದಲ ಶಬ್ದ, ಮಹಾಪಧಮನಿಯ ಮತ್ತು ಶ್ವಾಸಕೋಶದ ಅಪಧಮನಿಯ ಕವಾಟಗಳು ಮುಚ್ಚಿಕೊಳ್ಳುವ ಚುರುಕಾದ ಎರಡನೆಯ ಶಬ್ದ, ಎರಡೂ ಸರಿಯಾಗಿದ್ದವು. ಆದರೆ ಅವುಗಳ ನಡುವೆ, ಹೃದಯ ಕುಗ್ಗುವ ಹೊತ್ತಿನಲ್ಲಿ, ಎದೆಮೂಳೆಯ ಎಡ ಅಂಚಿನ ಕೆಳಭಾಗದಲ್ಲಿ ಒಂದು ಗಿಡ್ಡ, ಮೆತ್ತನೆಯ ನಾದವಿತ್ತು. ಇಂತಹ ನಾದದ ಜೋರನ್ನು ಅಳೆಯಲು ೧೯೩೩ರಲ್ಲಿ ಹೃದ್ರೋಗ ತಜ್ಞ ಲೆವೀನ್ ಹಾಕಿಕೊಟ್ಟ ಆರು ಮೆಟ್ಟಿಲುಗಳಲ್ಲಿ ಅದನ್ನು ಎರಡರ ಮೇಲೆ ಏರಿಸಲು ಸಾಧ್ಯವಿರಲಿಲ್ಲ. ನಾಲ್ಕು ಮುಟ್ಟಿದ್ದರೆ ಅಂಗೈಗೇ ಕಂಪನ ತಟ್ಟುತ್ತಿತ್ತು. ಎಬ್ಬಿಸಿ ಕೂರಿಸಿದ ಮೇಲೆ ಆ ನಾದ ತೆಳುವಾಗಿ, ಹುಡುಕಿದರೆ ಮಾತ್ರ ಸಿಗುವಂತಾಯಿತು. ತೊಡೆಸಂದಿನ ನಾಡಿ ಕೈನಾಡಿಯಷ್ಟೇ ತುಂಬಿಕೊಂಡಿತ್ತು. ತೂಕ ವಯಸ್ಸಿಗೆ ತಕ್ಕಂತಿತ್ತು, ತುಟಿ ಉಗುರುಗಳಲ್ಲಿ ನೀಲಿಯಿರಲಿಲ್ಲ. ಸ್ಟಿಲ್ ಎಂಬ ಮಕ್ಕಳ ವೈದ್ಯರು ೧೯೦೯ರಲ್ಲಿ, ಬಿಗಿದ ತಂತಿಯನ್ನು ಮೀಟಿದಂತಹ ಸದ್ದು ಎಂದು ಬಣ್ಣಿಸಿದ್ದು ಇದನ್ನೇ. ಆರೋಗ್ಯವಾಗಿರುವ ಎಷ್ಟೋ ಮಕ್ಕಳ ತೆಳ್ಳನೆಯ ಎದೆಯಲ್ಲಿ ಇದು ಕೇಳುತ್ತದೆ, ಜ್ವರ ಬಂದು ರಕ್ತದ ಓಟ ಜೋರಾದಾಗ ಇನ್ನಷ್ಟು ಕೇಳುತ್ತದೆ, ದೊಡ್ಡವರಾಗುತ್ತ ಸಾಮಾನ್ಯವಾಗಿ ತಾನೇ ಅಡಗುತ್ತದೆ. ನಮ್ಮ ವೈದ್ಯರ ಭಾಷೆಯಲ್ಲಿ ಇದು 'ಇನ್ನೊಸೆಂಟ್ ಮರ್ಮರ್'. ನಿರಪರಾಧಿ ಎಂದು ತೀರ್ಪು ಬರೆಯಲು ಹೃದಯವನ್ನು ಕಟಕಟೆಗೆ ಹತ್ತಿಸಿದವರು ಯಾರೋ! ಅಮರಕೋಶದಲ್ಲಿ ಮರ್ಮರವೆಂದರೆ ಬಟ್ಟೆಯೂ ಎಲೆಯೂ ಮಾಡುವ ಸದ್ದು, ಅಷ್ಟೇ.

ಆದರೂ ಕಿವಿಯ ಮೇಲೆ ನನಗೆ ಪೂರ್ತಿ ಭರವಸೆಯಿಲ್ಲ, ಅದಕ್ಕೆ ಕಾರಣವೂ ಇದೆ. ಹುಬ್ಬಳ್ಳಿಯಲ್ಲಿ ಕಲಿಯುತ್ತಿದ್ದಾಗ ನವಲಗುಂದದ ಕಡೆಯ ಒಬ್ಬ ಬಸುರಿಯ ಎದೆಯನ್ನು ಕೇಳಿ, ಮರ್ಮರವಿಲ್ಲ ಎಂದು ಕೇಸ್ ಶೀಟಿನಲ್ಲಿ ಬರೆದವಳು ನಾನೇ. ಸಂಜೆ ರೌಂಡ್ಸಿಗೆ ಬಂದ ಸರ್ ಅವಳನ್ನು ಎಡಮಗ್ಗುಲಿಗೆ ಹೊರಳಿಸಿ, ಉಸಿರನ್ನು ಪೂರ್ತಿ ಹೊರಬಿಡಲು ಹೇಳಿ, ಸ್ಟೆತಸ್ಕೋಪಿನ ಬೆಲ್ಲನ್ನು, ಎಂದರೆ ಕೆಳಸ್ವರ ಕೇಳುವ ಬಟ್ಟಲಿನಂತಹ ತುದಿಯನ್ನು, ಚರ್ಮಕ್ಕೆ ತಾಗಿಯೂ ತಾಗದಂತೆ ಇಟ್ಟು, ಕಿವಿಗೆ ಹಾಕಿಕೊಳ್ಳುವ ತುದಿಗಳನ್ನು ನನ್ನ ಕೈಗೆ ಕೊಟ್ಟರು. ಎರಡನೆಯ ಶಬ್ದ ಮುಗಿದ ಮೇಲೆ, ಹೃದಯ ಹಿಗ್ಗುವ ಹೊತ್ತಿನಲ್ಲಿ, ದೂರದಲ್ಲಿ ಚಕ್ಕಡಿ ಉರುಳಿದಂತೆ ಗುಡುಗುಡು ಕೇಳಿತು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿತ್ತು. ಬಸಿರಿನಲ್ಲಿ ರಕ್ತದ ಪ್ರಮಾಣ ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚುವುದರಿಂದ ಅದುವರೆಗೆ ಹೇಗೋ ಸಾಗುತ್ತಿದ್ದ ಆ ಕಿರಿದಾದ ಬಾಗಿಲು ಸಾಲದಾಗಿ, ಅವಳಿಗೆ ಮಲಗಿದರೆ ದಮ್ಮು ಹತ್ತುತ್ತಿತ್ತು. ನಾನು ಬೆಲ್ಲನ್ನು ಒತ್ತಿ ಹಿಡಿದಿದ್ದೆ. ಒತ್ತಿದರೆ ಕೆಳಗಿನ ಚರ್ಮವೇ ಪರದೆಯಂತೆ ಬಿಗಿದುಕೊಂಡು ಇಂತಹ ಕೆಳಸ್ವರಗಳನ್ನು ತಡೆಯುತ್ತದೆ. ಹಿಗ್ಗುವ ಹೊತ್ತಿನ ಮರ್ಮರವನ್ನು ಯಾವ ವಯಸ್ಸಿನಲ್ಲಿಯೂ ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದು ಪುಸ್ತಕ ಓದಿ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕೇಳಿಸಿರಲಿಲ್ಲ.

ತಾಯಿಗೆ ತಿಳಿಸಿ ಹೇಳುವುದು ಪರೀಕ್ಷೆಗಿಂತ ದೀರ್ಘವಾಯಿತು. ಅವರದು ಮಗ್ಗದ ಮನೆ. ನಾನು ಜಾಣತನ ತೋರಿಸಲು ಹೋಗಿ, ಲಾಳಿ ಓಡುವಾಗ ಸದ್ದು ಬರುವುದಿಲ್ಲವೇ, ಹಾಗೆಯೇ ರಕ್ತ ಓಡುವಾಗಲೂ ಒಂದಿಷ್ಟು ಸದ್ದು ಬರುತ್ತದೆ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗ್ಗದ ಸದ್ದು ಬ್ಯಾರೆ ಆತಂದ್ರ ನಾವು ನಿಲ್ಲಿಸಿ ನೋಡ್ತೀವ್ರಿ. ಇದನ್ನ ನಿಲ್ಲಿಸಿ ನೋಡಾಕ ಬರತೈತೇನ್ರಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಸುಮ್ಮನೆ ಸ್ಟೆತಸ್ಕೋಪನ್ನು ಅವಳ ಕಿವಿಗೆ ಹಾಕಿ, ಮೊದಲು ಅವಳದೇ ಎದೆಯನ್ನು, ಆಮೇಲೆ ಮಗಳ ಎದೆಯನ್ನು ಕೇಳಿಸಿದೆ. "ಎರಡೂ ಒಂದ ನಮೂನಿ ಕೇಳತಾವಲ್ರಿ" ಎಂದು ಅವಳ ಮುಖ ಅರಳಿತು. ಅವಳಿಗೆ ಮರ್ಮರ ಕೇಳಿಸಿರಲಿಲ್ಲ. ನಾನೂ ತಿದ್ದಲಿಲ್ಲ. ಅದು ಸರಿಯೋ ತಪ್ಪೋ ಈಗಲೂ ತಿಳಿಯದು.

ಚೀಟಿಯಲ್ಲಿ ಇಂಗ್ಲಿಷಿನ ಎರಡು ಪದ ಬರೆದು ಕಳಿಸಿದರೆ ಮುಂದಿನ ಜ್ವರದಲ್ಲಿ ಇನ್ನೊಬ್ಬರು ಮತ್ತೆ ತೂತಿನ ಮಾತೆತ್ತಬಹುದು ಎನ್ನಿಸಿ, ಕೆಳಗೆ ಕನ್ನಡದಲ್ಲಿ, "ಈ ಮಗುವಿನ ಎದೆಯ ಸದ್ದು ರೋಗದ್ದಲ್ಲ. ಓಟ, ಆಟ ಯಾವುದಕ್ಕೂ ತಡೆಯಿಲ್ಲ" ಎಂದು ಬರೆದೆ. ಅವಳು ಗಂಡನಿಂದ ಓದಿಸಿಕೊಂಡು, "ಜೋಕಾಲಿನೂ ಅಂತ ಬರೀರಿ ಬಾಯಾರ, ಇಲ್ಲಾಂದ್ರ ನಮ್ಮ ಅತ್ತಿ ನಂಬೂದಿಲ್ರಿ" ಎಂದಳು. ಬರೆದೆ. ಕೆಮ್ಮು ಪೂರ್ತಿ ಹೋಗಿಲ್ಲವಾದ್ದರಿಂದ ಎಂಟು ದಿನ ಬಿಟ್ಟು ಬರಲು ಹೇಳಿದ್ದೇನೆ. ಎಕೋ, ಎಂದರೆ ಹೃದಯದ ಸ್ಕ್ಯಾನ್, ಬರೆದುಕೊಡಲಿಲ್ಲ.

ನಾಳೆ ಧ್ವಜಾರೋಹಣ, ಓಪಿಡಿ ಇಲ್ಲ. ನೆಮ್ಮದಿಯಿಂದ ಮಲಗಬಹುದಾದ ರಾತ್ರಿಯಲ್ಲಿ ಆ ಎರಡನೆಯ ಶಬ್ದವೇ ತಲೆಯಲ್ಲಿ ಕುಳಿತಿದೆ. ಉಸಿರು ಒಳಗೆ ಎಳೆದಾಗ ಅದು ಎರಡಾಗಿ ಸೀಳಬೇಕು, ಹೊರಬಿಟ್ಟಾಗ ಮತ್ತೆ ಒಂದಾಗಬೇಕು. ಹೃದಯದ ಮೇಲಿನ ಕೋಣೆಗಳ ನಡುವಿನ ಗೋಡೆಯಲ್ಲಿ ನಿಜವಾಗಿಯೂ ತೂತಿದ್ದರೆ ಆ ಸೀಳು ಉಸಿರಿನೊಂದಿಗೆ ಕದಲದೆ ಹಾಗೆಯೇ ನಿಂತಿರುತ್ತದೆ. ಅಲ್ಲಿನ ಮರ್ಮರ ತುಸು ಮೇಲೆ, ಎಡಗಡೆಯ ಎರಡನೆಯ ಪಕ್ಕೆಲುಬಿನ ಸಂದಿನಲ್ಲಿ ಕೇಳುತ್ತದೆ ಎಂಬುದು ನಿಜ, ಆದರೆ ಅದೂ ಮೆತ್ತಗೇ ಇರುತ್ತದೆ. "ಪುಗ್ಗಾ ಊದಿದಂಗ ಊದವ್ವಾ" ಎಂದು ಹೇಳಿ ನಾನು ಆ ಸೀಳನ್ನು ಕೇಳಿದ್ದು ಮಗು ಮಲಗಿದ್ದಾಗ. ಮಕ್ಕಳಲ್ಲಿ ಮಲಗಿದಾಗ ಅದು ಮೋಸ ಮಾಡಬಹುದು, ಕೂರಿಸಿಯೇ ನೋಡಬೇಕು. ಕೂರಿಸಿದ ಮೇಲೆ ನನ್ನ ಕಿವಿಯೆಲ್ಲ ಮರ್ಮರ ಅಡಗಿತೇ ಎಂಬುದರ ಮೇಲಿತ್ತು. ಎರಡೂ ಒಂದಾದದ್ದು ಕೇಳಿಸಿತ್ತು ಎಂದೇ ನೆನಪು. ಕೇಳಿಸಿತ್ತೋ, ಇಲ್ಲ, ತಾಯಿ ಆ ಹೊತ್ತಿಗಾಗಲೇ ಅಷ್ಟು ಆಸೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದುದರಿಂದ